ಹಳೆಯ ಕ್ಯಾಮೆರಾಗಳ ಬೆನ್ನು ಹತ್ತಿ

ಅಂಚೆ ಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಇವುಗಳನ್ನು ಕೂಡಿಡುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಗ್ರಾಮಫೋನು ತಟ್ಟೆ, ಗೋಡೆ ಗಡಿಯಾರಗಳ ಬೆನ್ನು ಹತ್ತಿದವರೂ ಉಂಟು. ಈಚಿನ ವರ್ಷಗಳಲ್ಲಿ ಇವರ ಸಾಲಿಗೆ ಇನ್ನೊಂದು ಬಗೆಯ ಹವ್ಯಾಸಿಗಳು ಬಂದು ಸೇರುತ್ತಿದ್ದಾರೆ. ಅವರು ಹುಡುಕುವುದು ಫಿಲಂ ರೀಲು ಹಾಕಿ ಚಿತ್ರ ತೆಗೆಯುವ ಹಳೆಯ ಕ್ಯಾಮೆರಾಗಳನ್ನು. ಬೆಂಗಳೂರಿನ ಸಂಡೇ ಬಜಾರಿನಲ್ಲೋ ಮುಂಬಯಿಯ ಚೋರ್ ಬಜಾರಿನಲ್ಲೋ ತುಕ್ಕು ಹಿಡಿದ ಬೀಗ, ಮುರಿದ ರೇಡಿಯೊಗಳ ನಡುವಿನಿಂದ ಚರ್ಮ ಕಿತ್ತುಹೋದ ಕ್ಯಾಮೆರಾವೊಂದನ್ನು ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ‘ಕ್ಲಿಕ್’ ಎನ್ನಿಸಿ ನೋಡುವವರು ಕಂಡರೆ ಅವರು ಈ ಪಂಗಡದವರೆಂದು ತಿಳಿಯಬಹುದು.

ಹವ್ಯಾಸವೇನೂ ಹೊಸದಲ್ಲ. ಮುಂಬಯಿಯ ದಿಲೀಶ್ ಪಾರೇಖ್ ಅವರು 1977ರಿಂದ ಕೂಡಿಸುತ್ತ ಬಂದ ಕ್ಯಾಮೆರಾಗಳ ಸಂಖ್ಯೆ 2003ರ ಹೊತ್ತಿಗೆ 4,425 ಮುಟ್ಟಿ ಗಿನ್ನೆಸ್ ದಾಖಲೆಯಾಗಿತ್ತು. ಹೊಸದಾಗಿರುವುದು ಸಂದರ್ಭ. ಪ್ರತಿಯೊಬ್ಬರ ಜೇಬಿನ ಫೋನಿನಲ್ಲೂ ಕ್ಯಾಮೆರಾ ಇರುವ ಕಾಲದಲ್ಲಿ, ಚಿತ್ರ ತೆಗೆಯಲು ಅಗತ್ಯವೇ ಇಲ್ಲದ ಒಂದು ಯಂತ್ರವನ್ನು ಜನ ಹಣ ಕೊಟ್ಟು ಮನೆಗೆ ತರುತ್ತಿದ್ದಾರೆ. ಯಾಕೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸಂಗ್ರಹಕ್ಕೆ ಸೇರಿದ ಅಂಚೆ ಚೀಟಿಯನ್ನು ಯಾರೂ ಮತ್ತೆ ಲಕೋಟೆಗೆ ಅಂಟಿಸುವುದಿಲ್ಲ. ಟಿಪ್ಪುವಿನ ಕಾಲದ ನಾಣ್ಯ ಕೊಟ್ಟು ತರಕಾರಿ ಕೊಳ್ಳಲಾಗದು. ಆದರೆ ಎಪ್ಪತ್ತು ವರ್ಷ ಹಿಂದಿನ ಕ್ಯಾಮೆರಾಕ್ಕೆ ಇಂದು ಬೆಳಿಗ್ಗೆ ರೀಲು ಹಾಕಿ ಸಂಜೆಗೆ ಚಿತ್ರ ತೊಳೆಯಬಹುದು. ಅದು ತಯಾರಾದ ದಿನ ಮಾಡುತ್ತಿದ್ದ ಕೆಲಸವನ್ನೇ ಈಗಲೂ ಮಾಡಬಲ್ಲದು. ಈ ಹವ್ಯಾಸದ ಆಕರ್ಷಣೆ ಇರುವುದು ಅಲ್ಲಿ, ತೊಡಕು ಇರುವುದೂ ಅಲ್ಲೇ.

ಒಂದರಿಂದ ಹತ್ತಕ್ಕೆ

ಬಹುಮಟ್ಟಿಗೆ ಈ ಹವ್ಯಾಸ ಶುರುವಾಗುವುದು ಚಿತ್ರ ತೆಗೆಯುವ ಹವ್ಯಾಸದಿಂದ. ಡಿಜಿಟಲ್ ಕ್ಯಾಮೆರಾದಲ್ಲಿ ಒಂದೇ ಹಕ್ಕಿಯ ನೂರು ಚಿತ್ರ ತೆಗೆದು ತೊಂಬತ್ತೊಂಬತ್ತನ್ನು ಅಳಿಸುವ ಅಭ್ಯಾಸವಾದವನಿಗೆ ಒಂದು ದಿನ ಅಜ್ಜನ ಟ್ರಂಕಿನಲ್ಲೋ ಗೆಳೆಯನ ಅಟ್ಟದ ಮೇಲೋ ಒಂದು ಹಳೆಯ ಪೆಟ್ಟಿಗೆ ಸಿಗುತ್ತದೆ. ಕುತೂಹಲಕ್ಕೆ ಒಂದು ರೀಲು ಹಾಕುತ್ತಾನೆ. ಆಗ ತಿಳಿಯುತ್ತದೆ, ಇದರಲ್ಲಿ ಇರುವುದು ಮೂವತ್ತಾರೇ ಚಿತ್ರ. ತೆಗೆದದ್ದು ಹೇಗೆ ಬಂದಿದೆ ಎಂದು ಹಿಂದೆ ತಿರುಗಿಸಿ ನೋಡಲು ಪರದೆಯಿಲ್ಲ. ದೂರವನ್ನು ತಾನೇ ಅಂದಾಜು ಮಾಡಬೇಕು, ಬೆಳಕನ್ನು ತಾನೇ ಲೆಕ್ಕ ಹಾಕಬೇಕು.

ಲೆಕ್ಕ ಕಷ್ಟದ್ದೇನೂ ಅಲ್ಲ. ಹಳಬರು ಬಾಯಿಪಾಠ ಮಾಡಿಟ್ಟುಕೊಂಡಿದ್ದ ಒಂದು ಸೂತ್ರವಿದೆ. ಬಿರುಬಿಸಿಲಿನಲ್ಲಿ ಮಸೂರದ ರಂಧ್ರವನ್ನು 16ನೇ ಅಂಕಿಗೆ ಇಡಬೇಕು. ಫಿಲಮ್ಮಿನ ವೇಗ 100 ಆಗಿದ್ದರೆ ಷಟರನ್ನು ಸೆಕೆಂಡಿನ ಸುಮಾರು ನೂರನೇ ಒಂದು ಭಾಗಕ್ಕೆ ಇಡಬೇಕು. ಮೋಡ ಕವಿದಂತೆಲ್ಲ ರಂಧ್ರವನ್ನು ಒಂದೊಂದೇ ಮೆಟ್ಟಿಲು ಹಿಗ್ಗಿಸುತ್ತ ಹೋಗಬೇಕು. ಬ್ಯಾಟರಿ ಬೇಡ, ಮೀಟರು ಬೇಡ. ನಾಲ್ಕು ರೀಲು ಮುಗಿಯುವಷ್ಟರಲ್ಲಿ ಕಣ್ಣೇ ಮೀಟರಾಗುತ್ತದೆ. ಅಂಗಳದ ಬಿಸಿಲಿಗೂ ಜಗಲಿಯ ನೆರಳಿಗೂ ಎಷ್ಟು ಮೆಟ್ಟಿಲು ವ್ಯತ್ಯಾಸ ಎಂದು ಹೇಳಬಲ್ಲವನಾಗುತ್ತಾನೆ.

ಮುಂದಿನದು ಸಹಜವಾಗಿ ನಡೆಯುತ್ತದೆ. ಒಂದು ಕ್ಯಾಮೆರಾದ ಗುಟ್ಟು ತಿಳಿದ ಮೇಲೆ ಇನ್ನೊಂದು ಹೇಗೆ ಕೆಲಸ ಮಾಡುತ್ತದೆಂದು ನೋಡುವ ಆಸೆ. ಎರಡು ಕಣ್ಣಿನದು, ಹಾರ್ಮೋನಿಯಂ ತಿದಿಯಂತೆ ಮಡಚುವುದು, ಮುಷ್ಟಿಯೊಳಗೆ ಅಡಗುವುದು ಹೀಗೆ ಒಂದರ ಹಿಂದೆ ಒಂದು ಬಂದು, ಪುಸ್ತಕಗಳಿದ್ದ ಕಪಾಟು ಖಾಲಿಯಾಗಿ ಅಲ್ಲಿ ಕ್ಯಾಮೆರಾಗಳು ಕುಳಿತುಕೊಳ್ಳುತ್ತವೆ. ಮನೆಯವರ ಗೊಣಗಾಟವೂ ಅಲ್ಲಿಂದಲೇ ಮೊದಲಾಗುತ್ತದೆ.

ಕಪಾಟಿನಲ್ಲಿ ಕುಳಿತ ಇತಿಹಾಸ

ಸಂಗ್ರಹ ಸ್ವಲ್ಪ ಬೆಳೆದ ಮೇಲೆ ಹವ್ಯಾಸಿಗೆ ಕಾಣತೊಡಗುವುದು ಇತಿಹಾಸ. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಮೊದಲ ಕೊಡಕ್ ಕ್ಯಾಮೆರಾದ ಬೆಲೆ 25 ಡಾಲರ್. ಒಳಗೆ ನೂರು ಚಿತ್ರಗಳ ಸುರುಳಿ ಇರುತ್ತಿತ್ತು. ನೂರೂ ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ರಾಚೆಸ್ಟರ್ ನಗರದ ಕಾರ್ಖಾನೆಗೆ ಅಂಚೆಯಲ್ಲಿ ಕಳಿಸಬೇಕು. ಅವರು ಚಿತ್ರ ತೊಳೆದು, ಹೊಸ ಸುರುಳಿ ತುಂಬಿ ಹಿಂದಕ್ಕೆ ಕಳಿಸುತ್ತಿದ್ದರು. ಅಲ್ಲಿಯವರೆಗೆ ಗಾಜಿನ ಫಲಕ, ರಾಸಾಯನಿಕ, ಕತ್ತಲೆ ಕೋಣೆಗಳ ಒಡೆಯರ ಸ್ವತ್ತಾಗಿದ್ದ ವಿದ್ಯೆ ಮನೆಮಂದಿಯ ಕೈಗೆ ಬಂದದ್ದು ಹೀಗೆ. 1900ರಲ್ಲಿ ಅದೇ ಕಂಪನಿ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೇ ಡಾಲರಿಗೆ ‘ಬ್ರೌನಿ’ ಎಂಬ ರಟ್ಟಿನ ಡಬ್ಬಿಯನ್ನು ತಂದಿತು. ಮರುವರ್ಷ, ಎರಡನೆಯ ನಮೂನೆಯ ಬ್ರೌನಿಗೆಂದು ತಯಾರಿಸಿದ ‘120’ ಅಳತೆಯ ಫಿಲಂ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಅಂದರೆ ಶತಮಾನ ದಾಟಿದ ಆ ಡಬ್ಬಿಗೆ ಈಗಲೂ ಆಹಾರವಿದೆ.

ಇನ್ನೊಂದು ದಾರಿ ಜರ್ಮನಿಯ ವೆಟ್ಸ್‌ಲರ್ ಎಂಬ ಊರಿನಿಂದ ಹೊರಡುತ್ತದೆ. ಅಲ್ಲಿನ ಲೈಟ್ಸ್ ಕಂಪನಿ ಸೂಕ್ಷ್ಮದರ್ಶಕಗಳಿಗೆ ಹೆಸರಾಗಿತ್ತು. ಅಲ್ಲಿ ಕೆಲಸಕ್ಕಿದ್ದ ಆಸ್ಕರ್ ಬಾರ್ನಾಕ್‌ಗೆ ಚಿತ್ರ ತೆಗೆಯುವ ಹವ್ಯಾಸ. ಆದರೆ ಉಬ್ಬಸದ ತೊಂದರೆಯಿಂದಾಗಿ ಭಾರದ ಕ್ಯಾಮೆರಾ ಹೊತ್ತು ತಿರುಗುವುದು ಕಷ್ಟ. ಅವನು ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಅಗಲದ ಫಿಲಮ್ಮನ್ನು ಅಡ್ಡಡ್ಡ ಓಡಿಸಿ, ಚಿತ್ರದ ಅಳತೆಯನ್ನು ಸಿನಿಮಾ ಚೌಕಟ್ಟಿನ ಇಮ್ಮಡಿ ಮಾಡಿ, ಅಂಗೈಯಗಲದ ಕ್ಯಾಮೆರಾ ಒಂದನ್ನು 1914ರ ಹೊತ್ತಿಗೆ ಕಟ್ಟಿದ. ನಡುವೆ ಮಹಾಯುದ್ಧ ಬಂತು. 1925ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅದು ‘ಲೈಕಾ’ ಎಂಬ ಹೆಸರಿನಲ್ಲಿ ಜನರೆದುರು ಬಂತು. 24ಕ್ಕೆ 36 ಮಿಲಿಮೀಟರ್ ಎಂಬ ಅವನ ಅಳತೆಯನ್ನೇ ಇಂದಿನ ದುಬಾರಿ ಡಿಜಿಟಲ್ ಕ್ಯಾಮೆರಾಗಳು ‘ಫುಲ್ ಫ್ರೇಮ್’ ಎಂದು ಹೇಳಿಕೊಳ್ಳುತ್ತಿವೆ.

ಯುದ್ಧ, ಸಂಧಾನ, ದೇಶವಿಭಜನೆಗಳ ಗುರುತು ಕೂಡ ಈ ಯಂತ್ರಗಳ ಮೈಮೇಲಿದೆ. ಎರಡನೆಯ ಮಹಾಯುದ್ಧ ಮುಗಿದಾಗ ಸೋವಿಯತ್ ಒಕ್ಕೂಟ ಯುದ್ಧಪರಿಹಾರವಾಗಿ ಜರ್ಮನಿಯ ಝೈಸ್ ಐಕಾನ್ ಕಂಪನಿಯ ‘ಕಾಂಟ್ಯಾಕ್ಸ್’ ಕ್ಯಾಮೆರಾ ಮಾಡುವ ಸಲಕರಣೆಗಳನ್ನು ಪಡೆದು ಕೀವ್ ನಗರದ ಆರ್ಸೆನಲ್ ಕಾರ್ಖಾನೆಗೆ ಸಾಗಿಸಿತು. 1940ರ ದಶಕದ ಕೊನೆಯಿಂದ ಅದೇ ಕ್ಯಾಮೆರಾ ‘ಕೀವ್’ ಎಂಬ ಹೆಸರಿನಲ್ಲಿ ಹೊರಬಂತು. 1980ರ ದಶಕದವರೆಗೂ ಹೆಚ್ಚು ಬದಲಾವಣೆಯಿಲ್ಲದೆ ತಯಾರಾಗುತ್ತಲೇ ಇತ್ತು. ಸೋತ ಜಪಾನಿನಲ್ಲಿ ಆ ದಿನಗಳಲ್ಲಿ ತಯಾರಾದ ನಿಕಾನ್ ಕ್ಯಾಮೆರಾಗಳ ಮೇಲೆ ‘ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು’ ಎಂಬ ಒಕ್ಕಣೆ ಕೆತ್ತಿರುವುದನ್ನು ನೋಡಬಹುದು. 1950ರಲ್ಲಿ ಅಮೆರಿಕದ ಯುದ್ಧ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಜಪಾನಿನ ಮಸೂರಗಳನ್ನು ಕೊರಿಯಾ ಯುದ್ಧಕ್ಕೆ ಕೊಂಡೊಯ್ದು ಮೆಚ್ಚಿಕೊಂಡ. ಒಂಬತ್ತು ವರ್ಷಗಳ ಬಳಿಕ ‘ನಿಕಾನ್ ಎಫ್’ ಬಂತು. ಪತ್ರಿಕಾ ಛಾಯಾಗ್ರಾಹಕರ ಹೆಗಲು ಜರ್ಮನಿಯ ಕೈತಪ್ಪಿ ಜಪಾನಿನ ಪಾಲಾಯಿತು. ಪಠ್ಯಪುಸ್ತಕದಲ್ಲಿ ಓದಿ ಮರೆತ ಸಂಗತಿಗಳು ಹೀಗೆ ಲೋಹದ ಮೇಲಿನ ಎರಡು ಪದಗಳಿಂದ ನೆನಪಾಗುತ್ತವೆ.

ನಮ್ಮ ಮನೆಗಳ ಕ್ಯಾಮೆರಾ

ನಮ್ಮಲ್ಲಿ ಸಂಗ್ರಹಕಾರರಿಗೆ ಮೊದಲು ಸಿಗುವುದು ಸಾಮಾನ್ಯವಾಗಿ ಲೈಕಾ ಅಲ್ಲ, ‘ಆಗ್ಫಾ ಕ್ಲಿಕ್ 3’. ಭಾರತದಲ್ಲೇ ತಯಾರಾಗುತ್ತಿದ್ದ ಈ ಕಪ್ಪು ಪೆಟ್ಟಿಗೆ ಮಧ್ಯಮವರ್ಗದ ಮನೆಗಳಿಗೆ ಬಂದ ಮೊದಲ ಕ್ಯಾಮೆರಾ. 120 ಅಳತೆಯ ಒಂದು ಸುರುಳಿಯಲ್ಲಿ ಹನ್ನೆರಡು ಚೌಕಾಕಾರದ ಚಿತ್ರ. ಆ ಹನ್ನೆರಡು ಚಿತ್ರ ದೀಪಾವಳಿಯಿಂದ ಯುಗಾದಿಯವರೆಗೆ ಬಂದ ಮನೆಗಳಿವೆ. ನಾಮಕರಣದ ನಂತರ ಉಳಿದ ಎರಡು ಚಿತ್ರವನ್ನು ಪ್ರವಾಸಕ್ಕೆಂದು ಕಾಯ್ದಿಡುತ್ತಿದ್ದರು. ಹೊರದೇಶದ ಕ್ಯಾಮೆರಾ ಬೇಕೆಂದರೆ ಆಮದಿನ ನಿರ್ಬಂಧ, ಮೇಲೆ ಸುಂಕ. ಕೊಲ್ಲಿ ದೇಶಕ್ಕೋ ಅಮೆರಿಕಕ್ಕೋ ಹೋದ ನೆಂಟರು ತಂದುಕೊಟ್ಟ ಯಾಶಿಕಾ ಒಂದು ಇಡೀ ಬೀದಿಯ ಆಸ್ತಿಯಂತೆ ಮದುವೆಯಿಂದ ಮದುವೆಗೆ ಎರವಲು ಹೋಗುತ್ತಿತ್ತು.

ಫಿಲಮ್ಮಿಗೂ ಬರವಿತ್ತು. ಅದನ್ನು ನೀಗಲೆಂದು ಕೇಂದ್ರ ಸರ್ಕಾರ 1960ರಲ್ಲಿ ಉದಕಮಂಡಲದಲ್ಲಿ ಹಿಂದೂಸ್ಥಾನ್ ಫೋಟೊ ಫಿಲಮ್ಸ್ ಎಂಬ ಉದ್ಯಮ ಸ್ಥಾಪಿಸಿತು. 1967ರಲ್ಲಿ ಉತ್ಪಾದನೆ ಶುರುವಾಯಿತು. ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ ತಯಾರಾಗಿ ಬರುತ್ತಿದ್ದ ಆ ಫಿಲಮ್ಮಿನ ಹೆಸರು ‘ಇಂದು’, ಅಂದರೆ ಚಂದ್ರ. ಕಪ್ಪು ಬಿಳುಪಿನ ಕಾಲ ಮುಗಿದು ಬಣ್ಣ ಬಂದಾಗ ಅದು ನಲುಗಿತು, ಡಿಜಿಟಲ್ ಬಂದಾಗ ಉಸಿರು ಬಿಟ್ಟಿತು. ಈಗ ‘ಇಂದು’ವಿನ ಖಾಲಿ ಡಬ್ಬಿಯೂ ಸಂಗ್ರಹದ ವಸ್ತು.

ಇಂಥ ಕೊರತೆಯ ನಡುವೆಯೇ ನಮ್ಮ ದೊಡ್ಡ ಛಾಯಾಗ್ರಾಹಕರು ಕೆಲಸ ಮಾಡಿದರು. ಮೈಸೂರಿನ ಟಿ.ಎಸ್. ಸತ್ಯನ್ ಪತ್ರಿಕೆಗಳಿಗಾಗಿ ಜನಜೀವನವನ್ನು ಸೆರೆಹಿಡಿದದ್ದು, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಕಾಡುಪ್ರಾಣಿಗಳ ಎದುರು ಕಾದು ಕುಳಿತದ್ದು, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಬೆನ್ನು ಹತ್ತಿದ್ದು ಎಲ್ಲವೂ ಬಹುಪಾಲು ಫಿಲಂ ಯುಗದಲ್ಲಿ. ಒಂದೊಂದು ‘ಕ್ಲಿಕ್’ಗೂ ಬೆಲೆಯಿದ್ದ ಆ ದಿನಗಳ ಶ್ರಮ ಏನೆಂದು ಅವರ ಚಿತ್ರಗಳನ್ನು ನೋಡುವುದರಿಂದ ಅರ್ಧ ತಿಳಿದೀತು. ಇನ್ನರ್ಧ ತಿಳಿಯಲು ಅಂಥದೊಂದು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಒಂದು ಮಧ್ಯಾಹ್ನ ಮರದ ಕೆಳಗೆ ಕೂರಬೇಕು.

ಬೆಲೆ ಯಾವುದಕ್ಕೆ?

2022ರ ಜೂನ್‌ನಲ್ಲಿ ಬಾರ್ನಾಕ್ ಸ್ವತಃ ಬಳಸುತ್ತಿದ್ದ ಒಂದು ಲೈಕಾ ಹರಾಜಿಗೆ ಬಂತು. 1920ರ ದಶಕದ ಮೊದಲಲ್ಲಿ ಪರೀಕ್ಷೆಗೆಂದು ತಯಾರಿಸಿದ ಸುಮಾರು ಎರಡು ಡಜನ್ ಕ್ಯಾಮೆರಾಗಳಲ್ಲಿ ಅದೂ ಒಂದು, ಸಂಖ್ಯೆ 105. ಅದು ಮಾರಾಟವಾದದ್ದು 1 ಕೋಟಿ 44 ಲಕ್ಷ ಯೂರೊಗಳಿಗೆ. ಈ ಸುದ್ದಿ ಓದಿ ಅಟ್ಟ ಹತ್ತಿದವರು ಬಹಳ. ಆದರೆ ಸಂಗ್ರಹದ ಮಾರುಕಟ್ಟೆಯಲ್ಲಿ ಬೆಲೆ ನಿಲ್ಲುವುದು ವಯಸ್ಸಿನ ಮೇಲಲ್ಲ, ವಿರಳತೆಯ ಮೇಲೆ. ಬ್ರೌನಿಗಳು ಲಕ್ಷಗಟ್ಟಲೆ ತಯಾರಾಗಿದ್ದರಿಂದ ನೂರು ವರ್ಷದ ಬ್ರೌನಿಗೂ ಹೇಳಿಕೊಳ್ಳುವಂಥ ಬೆಲೆಯಿಲ್ಲ.

ಬೆಲೆಯಿದ್ದಲ್ಲಿ ನಕಲಿಯೂ ಉಂಟು. ಉಕ್ರೇನಿನ ಖಾರ್ಕಿವ್‌ನಲ್ಲಿ ಅನಾಥ ಮಕ್ಕಳ ಶ್ರಮಶಾಲೆಯೊಂದು 1934ರಿಂದ ಲೈಕಾದ ಪ್ರತಿರೂಪವಾದ ‘ಫೆಡ್’ ಕ್ಯಾಮೆರಾಗಳನ್ನು ಮಾಡತೊಡಗಿತು. ಸೋವಿಯತ್ ಗುಪ್ತ ಪೊಲೀಸ್ ಪಡೆಯ ಮೊದಲ ಮುಖ್ಯಸ್ಥ ಫೆಲಿಕ್ಸ್ ಎಡ್ಮಂಡೊವಿಚ್ ಜೆರ್ಜಿನ್‌ಸ್ಕಿಯ ಹೆಸರಿನ ಮೊದಲಕ್ಷರಗಳೇ ಆ ಮೂರು ಅಕ್ಷರ. ಮುಂದೆ ಇದೇ ಮಾದರಿಯ ‘ಜೋರ್ಕಿ’ಯೂ ಬಂತು. ಇವುಗಳ ಹಳೆಯ ಕೆತ್ತನೆ ಉಜ್ಜಿ ‘ಲೈಕಾ’ ಎಂದು ಹೊಸದಾಗಿ ಕೆತ್ತಿ, ಚಿನ್ನದ ಬಣ್ಣ ಬಳಿದು ಮಾರುವವರು ಎಲ್ಲ ದೇಶದ ಗುಜರಿಗಳಲ್ಲೂ ಇದ್ದಾರೆ. ಪಳಗಿದವರು ಮಸೂರವನ್ನು ತಿರುಗಿಸಿ ಬಿಚ್ಚಿ ಒಳಗೆ ಇಣುಕುತ್ತಾರೆ. ದೂರ ಅಳೆಯುವ ಸನ್ನೆಯ ತುದಿಯಲ್ಲಿ ಪುಟ್ಟ ದುಂಡು ಉರುಳೆ ಇದ್ದರೆ ಲೈಕಾ. ಉರುಳೆಯ ಬದಲು ಚಪ್ಪಟೆ ಲೋಹದ ನಾಲಿಗೆ ಇದ್ದರೆ ರಷ್ಯದ ಮಾಲು. ತಮಾಷೆಯೆಂದರೆ ಈ ‘ನಕಲಿ’ಗಳಿಗೂ ಈಗ ಪ್ರತ್ಯೇಕ ಸಂಗ್ರಹಕಾರರಿದ್ದಾರೆ.

ಕೂಡಿಟ್ಟರೆ ಕೆಡುತ್ತದೆ

ಇನ್ನು ತೊಡಕಿನ ವಿಷಯ. ನಾಣ್ಯವನ್ನು ಪೆಟ್ಟಿಗೆಯಲ್ಲಿಟ್ಟರೆ ನೂರು ವರ್ಷ ಕೆಡುವುದಿಲ್ಲ. ಕ್ಯಾಮೆರಾ ಹಾಗಲ್ಲ, ಮುಟ್ಟದಿದ್ದರೆ ಸಾಯುತ್ತದೆ. ಷಟರಿನ ಪುಟ್ಟ ಹಲ್ಲುಚಕ್ರಗಳಿಗೆ ಹಾಕಿದ ಎಣ್ಣೆ ಕಾಲಕ್ರಮದಲ್ಲಿ ಗಟ್ಟಿಯಾಗಿ ಅಂಟಿನಂತಾಗುತ್ತದೆ. ಸೆಕೆಂಡಿನ ನೂರನೇ ಭಾಗಕ್ಕೆ ಮುಚ್ಚಬೇಕಾದ ಷಟರು ಮೊದಲು ಆಲಸಿಯಾಗುತ್ತದೆ, ಆಮೇಲೆ ತೆರೆದೇ ನಿಲ್ಲುತ್ತದೆ. 1970ರ ದಶಕದ ಜಪಾನಿ ಕ್ಯಾಮೆರಾಗಳ ಬಾಗಿಲಿನ ಅಂಚಿಗೆ ಬೆಳಕು ಸೋರದಂತೆ ಅಂಟಿಸಿದ ಸ್ಪಂಜು ಕರಗಿ ಡಾಂಬರಾಗುತ್ತದೆ. ಕೆಲವಕ್ಕೆ ಬೇಕಾಗಿದ್ದ 1.35 ವೋಲ್ಟಿನ ಪಾದರಸದ ಬ್ಯಾಟರಿ ಈಗ ನಿಷಿದ್ಧ, 1.5 ವೋಲ್ಟಿನದನ್ನು ಹಾಕಿದರೆ ಮೀಟರು ಸುಳ್ಳು ಹೇಳುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಬೂಷ್ಟು. ಕರಾವಳಿ, ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಇದರ ವಿವರಣೆ ಬೇಡ. ಮಸೂರದ ಗಾಜಿನ ಮೇಲೆ ಜೇಡರಬಲೆಯಂತೆ ಎಳೆಯೆಳೆಯಾಗಿ ಹಬ್ಬುವ ಬೂಷ್ಟು ಮೇಲಿನ ಲೇಪವನ್ನು ತಿಂದುಹಾಕುತ್ತದೆ. ಬಿಟ್ಟರೆ ಗಾಜಿನ ಮೇಲೂ ಕಲೆ ನಿಲ್ಲುತ್ತದೆ. ಅಂದವಾಗಿ ಕಾಣುತ್ತದೆಂದು ಕ್ಯಾಮೆರಾವನ್ನು ಅದರ ಚರ್ಮದ ಚೀಲದಲ್ಲೇ ಇಡುವುದು ತಪ್ಪು, ಚರ್ಮ ತೇವ ಹೀರಿಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳೊಂದಿಗೆ ಇಡುವುದು ಒಂದು ಉಪಾಯ. ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿ ಬೆಚ್ಚಗಿಡುವುದು ನಮ್ಮ ಹಳಬರು ಕಂಡುಕೊಂಡ ಉಪಾಯ. ಆದರೆ ಬೂಷ್ಟು, ಜಡತೆ ಎರಡಕ್ಕೂ ಒಳ್ಳೆಯ ಮದ್ದೆಂದರೆ ಬಿಸಿಲು, ಗಾಳಿ, ಬಳಕೆ. ತಿಂಗಳಿಗೊಮ್ಮೆ ಹೊರತೆಗೆದು ಎಲ್ಲ ವೇಗಗಳಲ್ಲೂ ಹತ್ತು ಸಲ ಷಟರು ಒತ್ತಬೇಕು. ಕೀಲಿ ಕೊಟ್ಟ ಸ್ಥಿತಿಯಲ್ಲಿ ಎತ್ತಿಡಬಾರದು. ಅಪರಿಚಿತ ಹಳೆಯ ಕ್ಯಾಮೆರಾದಲ್ಲಿ ತಾನಾಗಿ ಚಿತ್ರ ತೆಗೆಯುವ ಟೈಮರ್ ಸನ್ನೆಯನ್ನು ಮುಟ್ಟಬಾರದೆಂಬುದು ರಿಪೇರಿಯವರ ಹಿತವಚನ. ಅದು ನಡುವೆ ಸಿಕ್ಕಿಕೊಂಡರೆ ಇಡೀ ಷಟರು ಕೈಕೊಡುತ್ತದೆ.

ಒಳಗೆ ಉಳಿದ ರೀಲು

ಹಳೆಯ ಕ್ಯಾಮೆರಾ ಕೈಗೆ ಬಂದ ಕೂಡಲೇ ಹಿಂಬಾಗಿಲು ತೆರೆಯುವುದು ಎಲ್ಲರೂ ಮಾಡುವ ಕೆಲಸ. ಮಾಡಬಾರದ ಕೆಲಸವೂ ಅದೇ. ಒಳಗೆ ಯಾರೋ ತೆಗೆದು ತೊಳೆಸದೆ ಬಿಟ್ಟ ರೀಲು ಇದ್ದೀತು. ಬೆಳಕು ಬಿದ್ದ ಫಿಲಂ ಮೇಲೆ ಕಣ್ಣಿಗೆ ಕಾಣದ ಚಿತ್ರ ಮೂಡಿರುತ್ತದೆ. ತೊಳೆಯುವವರೆಗೆ ಅದು ಅಲ್ಲೇ ಕಾಯುತ್ತದೆ. 1897ರಲ್ಲಿ ಬಲೂನಿನಲ್ಲಿ ಉತ್ತರಧ್ರುವಕ್ಕೆ ಹೊರಟು ಕಣ್ಮರೆಯಾದ ಸ್ವೀಡನ್ನಿನ ಆಂದ್ರೆ ಮತ್ತು ಅವನ ಇಬ್ಬರು ಸಂಗಾತಿಗಳ ಅವಶೇಷ 1930ರಲ್ಲಿ ಹಿಮದ್ವೀಪವೊಂದರಲ್ಲಿ ಸಿಕ್ಕಿತು. ಜೊತೆಗೆ ಸಿಕ್ಕ ಫಿಲಮ್ಮುಗಳಿಂದ, ಮೂವತ್ತಮೂರು ವರ್ಷಗಳ ನಂತರ, ತೊಂಬತ್ತಕ್ಕೂ ಹೆಚ್ಚು ಚಿತ್ರಗಳನ್ನು ಉಳಿಸಿಕೊಳ್ಳಲಾಯಿತು. ಬಲೂನು ಮಂಜುಗಡ್ಡೆಯ ಮೇಲೆ ಬಿದ್ದಿರುವ ದೃಶ್ಯವನ್ನು ಲೋಕ ನೋಡಿದ್ದು ಹಾಗೆ.

ಎವರೆಸ್ಟಿನ ಕಥೆ ಇನ್ನೂ ಮುಗಿದಿಲ್ಲ. 1924ರಲ್ಲಿ ಶಿಖರದ ಹತ್ತಿರ ಕಣ್ಮರೆಯಾದ ಮ್ಯಾಲರಿ ಮತ್ತು ಇರ್ವಿನ್ ‘ವೆಸ್ಟ್ ಪಾಕೆಟ್ ಕೊಡಕ್’ ಎಂಬ ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ ಒಯ್ದಿದ್ದರೆಂದು ನಂಬಲಾಗಿದೆ. 1999ರಲ್ಲಿ ಮ್ಯಾಲರಿಯ ದೇಹ, 2024ರಲ್ಲಿ ಇರ್ವಿನ್‌ನ ಬೂಟು ಮತ್ತು ಪಾದ ಸಿಕ್ಕವು, ಕ್ಯಾಮೆರಾ ಸಿಗಲಿಲ್ಲ. ಅವರು ತುದಿ ಮುಟ್ಟಿದ್ದರೇ ಎಂಬ ಪ್ರಶ್ನೆಗೆ ಉತ್ತರ ಆ ಪುಟ್ಟ ರೀಲಿನಲ್ಲಿ ಇದ್ದರೂ ಇರಬಹುದು. ಅದೇ ನಮೂನೆಯ ಕ್ಯಾಮೆರಾ ಹಲವು ಸಂಗ್ರಹಗಳಲ್ಲಿದೆ, ದುಬಾರಿಯೇನೂ ಅಲ್ಲ. ಬೆಲೆ ಕಟ್ಟಲಾಗದ್ದು ಒಳಗಿನ ರೀಲಿಗೆ.

ನಮ್ಮ ಮನೆಯ ಕ್ಯಾಮೆರಾದಲ್ಲಿ ಧ್ರುವವೂ ಇಲ್ಲ, ಶಿಖರವೂ ಇಲ್ಲ. ತೀರಿಹೋದ ಅಜ್ಜಿ ಹಿತ್ತಿಲಲ್ಲಿ ಹೂ ಬಿಡಿಸುತ್ತ ನಿಂತಿರಬಹುದು. ಆ ಮನೆಗೆ ಅದೇನೂ ಕಡಿಮೆಯ ನಿಧಿಯಲ್ಲ.

ಉಳಿಯುವ ದಾರಿ

ಕ್ಯಾಮೆರಾ ಉಳಿದರೆ ಸಾಲದು, ಅದಕ್ಕೆ ಫಿಲಂ ಬೇಕು, ತೊಳೆಯುವವರು ಬೇಕು, ಕೆಟ್ಟರೆ ಬಿಚ್ಚಬಲ್ಲ ಕೈ ಬೇಕು. ಬಣ್ಣಕ್ಕೆ ಹೆಸರಾಗಿದ್ದ ಕೊಡಾಕ್ರೋಮ್ ಫಿಲಂ ತಯಾರಿಕೆ 2009ರಲ್ಲಿ ನಿಂತಿತು. ಅದನ್ನು ತೊಳೆಯುವ ಕ್ರಮ ಬಹಳ ಜಟಿಲ. ಅಮೆರಿಕದ ಕ್ಯಾನ್ಸಸ್‌ನಲ್ಲಿದ್ದ ಕೊನೆಯ ಪ್ರಯೋಗಾಲಯ 2010ರ ಡಿಸೆಂಬರ್ ಕೊನೆಗೆ ಆ ಕೆಲಸ ಕೈಬಿಟ್ಟ ಮೇಲೆ ಉಳಿದ ರೀಲುಗಳು ಬಣ್ಣ ಕಾಣುವ ದಾರಿ ಮುಚ್ಚಿತು. ಕಪ್ಪು ಬಿಳುಪು ಹಾಗಲ್ಲ. ಎರಡು ಮೂರು ರಾಸಾಯನಿಕ, ಒಂದು ಮುಚ್ಚಳದ ಡಬ್ಬಿ, ಕತ್ತಲಾದ ಬಚ್ಚಲುಮನೆ ಇದ್ದರೆ ಮನೆಯಲ್ಲೇ ತೊಳೆಯಬಹುದು. ಕಣ್ಮರೆಯಾದ ‘620’ ಅಳತೆಯ ಸುರುಳಿ ಬೇಡುವ ಕ್ಯಾಮೆರಾಗಳಿಗೆ, ಕತ್ತಲಲ್ಲಿ ಕೂತು 120ರ ಫಿಲಮ್ಮನ್ನು ಹಳೆಯ ಸಪೂರ ಕಡ್ಡಿಗೆ ಸುತ್ತಿ ಹಾಕುವ ಹವ್ಯಾಸಿಗಳಿದ್ದಾರೆ. ಬಳಕೆದಾರರು ಉಳಿದಿರುವುದರಿಂದಲೇ ಫಿಲಂ ತಯಾರಕರೂ ಉಳಿದಿದ್ದಾರೆ. 2024ರಲ್ಲಿ ಪೆಂಟ್ಯಾಕ್ಸ್ ಹೊಸದಾಗಿ ಒಂದು ಫಿಲಂ ಕ್ಯಾಮೆರಾವನ್ನೇ ಮಾರುಕಟ್ಟೆಗೆ ತಂದಿತು.

ಚಿಂತೆ ಇರುವುದು ರಿಪೇರಿಯ ಬಗ್ಗೆ. ಹಳೆಯ ಷಟರನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲವರು ಈಗ ವಯಸ್ಸಾದವರು. ಬಿಡಿಭಾಗ ತಯಾರಾಗುವುದು ನಿಂತು ದಶಕಗಳಾದವು. ಸತ್ತ ಒಂದು ಕ್ಯಾಮೆರಾದ ಅಂಗ ತೆಗೆದು ಬದುಕಿರುವ ಇನ್ನೊಂದಕ್ಕೆ ಹಾಕುತ್ತಾರೆ. ಈ ವಿದ್ಯೆ ಪುಸ್ತಕದಲ್ಲಿ ಅರ್ಧ ಇದೆ, ಬೆರಳಿನಲ್ಲಿ ಅರ್ಧ ಇದೆ. ಕೆಲಸ ತಂದುಕೊಡುವ ಗಿರಾಕಿ ಇಲ್ಲವಾದರೆ ಅದನ್ನು ಕಲಿಯುವ ಹುಡುಗನೂ ಬರುವುದಿಲ್ಲ. ಗುರುಗ್ರಾಮದಲ್ಲಿ ಛಾಯಾಗ್ರಾಹಕ ಆದಿತ್ಯ ಆರ್ಯ ತಮ್ಮ ಸಂಗ್ರಹವನ್ನು ಆಧರಿಸಿ ಕಟ್ಟಿದ ‘ಮ್ಯೂಸಿಯೊ ಕ್ಯಾಮೆರಾ’ 2019ರಿಂದ ಸಾರ್ವಜನಿಕರಿಗೆ ತೆರೆದಿದೆ. ಇಂಥ ವಸ್ತುಸಂಗ್ರಹಾಲಯಗಳು ರೂಪವನ್ನು ಕಾಪಾಡಬಲ್ಲವು. ಕ್ಯಾಮೆರಾದ ಕೆಲಸವನ್ನು ಕಾಪಾಡಬೇಕಾದವರು ಮನೆಮನೆಯ ಹವ್ಯಾಸಿಗಳೇ.

ಆದ್ದರಿಂದ ಸಾವಿರ ಕ್ಯಾಮೆರಾ ಕೂಡಿಟ್ಟವರಿಗಿಂತ, ಐದೇ ಇಟ್ಟುಕೊಂಡು ಐದರಲ್ಲೂ ವರ್ಷಕ್ಕೊಂದು ರೀಲು ಓಡಿಸುವವರ ಸೇವೆ ದೊಡ್ಡದೆನ್ನಬೇಕು. ನಿಮ್ಮ ಅಟ್ಟದ ಮೇಲೂ ಒಂದು ಇದ್ದರೆ ಇಳಿಸಿ ನೋಡಿ. 35 ಮಿಲಿಮೀಟರಿನದಾದರೆ ರೀಲು ಹಿಂದಕ್ಕೆ ಸುತ್ತುವ ಗುಂಡಿಯನ್ನು ಮೆಲ್ಲಗೆ ತಿರುಗಿಸಿ. ಬಿಗಿಯಾದರೆ ಒಳಗೆ ರೀಲಿದೆ. ಡಬ್ಬಿ ಕ್ಯಾಮೆರಾ ಆದರೆ ಹಿಂಬದಿಯ ಕೆಂಪು ಕಿಟಕಿಯಲ್ಲಿ ಅಂಕಿ ಕಾಣುತ್ತದೆಯೇ ನೋಡಿ. ಇದ್ದರೆ ತೆರೆಯದೆ ಬಲ್ಲವರಿಗೆ ಕೊಟ್ಟು ತೊಳೆಸಿ. ಇಲ್ಲದಿದ್ದರೆ ಹೊಸದೊಂದು ರೀಲು ಹಾಕಿ, ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರನ್ನು ಬೆಳಕಿಗೆ ಕೂರಿಸಿ ಒಂದು ಚಿತ್ರ ತೆಗೆಯಿರಿ.